ಹಳೇ ಮೋಟರ್‌ಸೈಕಲ್ಲಿನ ಸ್ಪೀಡೋಮೀಟರ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪ್ಲೆಂಡರ್, ಪ್ಯಾಶನ್, ಸಿಡಿ 100, ಆರ್‌ಎಕ್ಸ್ 100, ಬಾಕ್ಸರ್, ಹಳೇ ಬುಲೆಟ್. ಹುಬ್ಬಳ್ಳಿ-ಧಾರವಾಡದ ಗಲ್ಲಿಗಳಲ್ಲಿ, ಗದಗ-ಹಾವೇರಿಯ ಹೊಲದ ದಾರಿಗಳಲ್ಲಿ ಇವು ಇವತ್ತಿಗೂ ದಿನಾ ದುಡಿಯುವ ಗಾಡಿಗಳು. ಇಂಜಿನ್ ಗಟ್ಟಿ ಇರುತ್ತದೆ, ಮೀಟರ್ ಮಾತ್ರ ಎಂದೋ ನಿಂತಿರುತ್ತದೆ. ಇಲ್ಲಿರುವುದೆಲ್ಲ ಕೇಬಲ್‌ನಿಂದ ಓಡುವ, ಮುಳ್ಳಿರುವ ಮೀಟರಿನ ವಿಚಾರ. ಸೆನ್ಸರ್ ಇರುವ ಹೊಸ ಗಾಡಿಗಳಿಗೆ ಇದು ಹೊಂದುವುದಿಲ್ಲ.

ಮೀಟರ್ ನಿಂತೈತಿ. ಹೊಸಾದು ತಂದು ಹಾಕಿದ್ರ ಆತಲ್ರಿ?

ಅವಸರ ಮಾಡಬೇಡಿ. ಮುಂದಿನ ಗಾಲಿಯ ಬ್ರೇಕ್ ಪ್ಲೇಟಿನೊಳಗೆ ಒಂದು ಸಣ್ಣ ಗೇರ್, ಅಲ್ಲಿಂದ ಮೇಲೆ ಬರುವ ಕೇಬಲ್, ಕೊನೆಗೆ ಮೀಟರ್. ಗಾಲಿಯ ತಿರುಗಾಟ ಈ ಮೂರನ್ನೂ ದಾಟಿ ಮುಳ್ಳಿಗೆ ಮುಟ್ಟಬೇಕು. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಕೇಬಲ್, ಅದೇ ಎಲ್ಲಕ್ಕಿಂತ ಅಗ್ಗ. ಆಮೇಲೆ ಗೇರ್. ಮೀಟರ್ ಕೊನೆಯದು, ದುಬಾರಿಯದು. ಆದ್ದರಿಂದ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ.

ಇನ್ನೊಂದು ಕಾರಣವೂ ಇದೆ. ಮಡಚಿದ ಅಥವಾ ಒಣಗಿದ ಕೇಬಲ್ ಮೇಲೆಯೇ ಹೊಸ ಮೀಟರ್ ಕೂಡಿಸಿದರೆ, ಆ ಕೇಬಲ್ ಜಗ್ಗಿ ಜಗ್ಗಿ ತಿರುಗಿ ಹೊಸ ಮೀಟರಿನ ಶಾಫ್ಟನ್ನೂ ಅದು ಕೂತು ತಿರುಗುವ ಬುಶ್ಶನ್ನೂ ತಿಂದುಹಾಕುತ್ತದೆ. ಮೀಟರ್ ಬದಲಿಸುವವರು ಅದರ ಜೊತೆಗೇ ಕೇಬಲ್ ಬದಲಿಸುವುದು ಒಳ್ಳೆಯದು.

ಕೆಟ್ಟಿದ್ದು ಯಾವುದು ಅಂತ ಮನ್ಯಾಗ ಹೆಂಗ ನೋಡೂದು?

ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ. ಮುಂದಿನ ಗಾಲಿ ನೆಲ ಬಿಡುವಂತೆ ಇಂಜಿನ್ ಕೆಳಗೆ ಒಂದು ಕಟ್ಟಿಗೆ ತುಂಡು ಕೊಡಿ. ಮೀಟರಿನ ತಳದಲ್ಲಿ ಕೇಬಲ್ ಹಿಡಿದಿರುವ ಗೀರುಗೀರಿನ ನಟ್ಟನ್ನು ಕೈಯಿಂದ ಸಡಿಲಿಸಿ ಕೇಬಲ್ ಬಿಡಿಸಿ. ಕೈಗೆ ಬರದಿದ್ದರೆ ಅರಿವೆ ಸುತ್ತಿ ಪಕ್ಕಡ್‌ನಿಂದ ಮೆತ್ತಗೆ ತಿರುಗಿಸಿ. ಈಗ ಒಬ್ಬರು ಗಾಲಿಯನ್ನು ಮುಂದಕ್ಕೆ ತಿರುಗಿಸಲಿ, ಇನ್ನೊಬ್ಬರು ಕೇಬಲಿನ ತುದಿ ನೋಡಲಿ.

ಒಳಗಿನ ತಂತಿ ಸಮನಾಗಿ ತಿರುಗುತ್ತಿದೆ ಎಂದರೆ ಕೇಬಲ್, ಗೇರ್ ಎರಡೂ ಸರಿ ಇವೆ, ತಪ್ಪು ಮೀಟರಿನದು. ತಿರುಗುತ್ತಿಲ್ಲ ಎಂದರೆ ತಂತಿಯನ್ನು ಮೇಲಿನಿಂದ ಎಳೆಯಿರಿ. ಅರ್ಧ ತುಂಡು ಕೈಗೆ ಬಂದರೆ ಉತ್ತರ ಸಿಕ್ಕಿತು. ತಂತಿ ಪೂರ್ತಿ ಇದ್ದೂ ತಿರುಗದಿದ್ದರೆ ಕೆಳಗಿನ ಗೇರ್ ಸವೆದಿದೆ, ಇಲ್ಲವೇ ಗಾಲಿಯ ಹಬ್ (ನಡುವಿನ ಗುಂಬ) ಅದನ್ನು ಹಿಡಿದು ತಿರುಗಿಸುವ ಕಿವಿಗಳು ಮುರಿದಿವೆ.

ತಂತಿ ತಿರುಗಿದರೂ ಬೆರಳಲ್ಲಿ ಮೆಲ್ಲಗೆ ಹಿಡಿದ ಕೂಡಲೇ ನಿಲ್ಲುತ್ತದೆಯೇ? ಆಗ ಗೇರಿನ ಹಲ್ಲು ಹೋಗಿವೆ, ಅಥವಾ ತಂತಿಯ ಚೌಕ ತುದಿ ಸವೆದು ದುಂಡಗಾಗಿದೆ. ಈ ತುದಿಯನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ನಾಲ್ಕು ಮೂಲೆ ಚೂಪಾಗಿ ಕಾಣಬೇಕು. ಮೂಲೆಗಳು ಮೊಂಡಾಗಿ ಸಾಬೂನಿನ ಹಾಗೆ ಹೊಳೆಯುತ್ತಿದ್ದರೆ ಅದು ಮೀಟರಿನ ತೂತಿನೊಳಗೆ ಜಾರುತ್ತಿದೆ ಎಂದೇ ಅರ್ಥ.

ಕಿಲೋಮೀಟರ್ ಓಡತಾವ, ಮುಳ್ಳು ಏಳೂದಿಲ್ಲ. ಇದು ಕೇಬಲ್ಲಿಂದ?

ಅಲ್ಲ. ಅಂಕಿಗಳು ಓಡುತ್ತಿವೆ ಎಂದರೆ ಕೇಬಲ್ ತನ್ನ ಕೆಲಸ ಮಾಡುತ್ತಿದೆ. ಮುಳ್ಳು ಓಡಿ ಅಂಕಿ ನಿಂತಿದ್ದರೂ ಹಾಗೆಯೇ, ತಪ್ಪು ಮೀಟರಿನೊಳಗಿದೆ.

ಕೇಬಲ್ ಮೀಟರಿನೊಳಗೆ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ, ಅದಕ್ಕೆ ಮುಟ್ಟದ ಹಾಗೆ, ಒಂದು ತೆಳು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಮುಳ್ಳು ಕೂತಿರುವುದು ಈ ಬಟ್ಟಲಿನ ಕಡ್ಡಿಗೆ. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ, ಕೂದಲೆಳೆಯಂಥ ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮ ಆದಲ್ಲಿ ಮುಳ್ಳು ನಿಲ್ಲುತ್ತದೆ. ಅಂಕಿಗಳಿಗೆ ಅದೇ ಶಾಫ್ಟಿನಿಂದ ಬೇರೆ ಸಣ್ಣ ಹಲ್ಲಿನ ಗೇರ್‌ಗಳು. ಹಾಗಾಗಿ ಅಂಕಿ ಮಾತ್ರ ನಿಂತರೆ ಆ ಗೇರ್ ಸೀಳಿದೆ. ಮುಳ್ಳು ಮಾತ್ರ ನಿಂತರೆ ಕಡ್ಡಿಯಿಂದ ಮುಳ್ಳು ಸಡಿಲಾಗಿದೆ ಅಥವಾ ಸ್ಪ್ರಿಂಗ್, ಬಟ್ಟಲು ಕೆಟ್ಟಿದೆ. ಗಾಡಿ ನಿಂತರೂ ಮುಳ್ಳು 40ರ ಮೇಲೋ 60ರ ಮೇಲೋ ಅಂಟಿಕೊಂಡಿದ್ದರೆ, ಬಹಳ ಸಲ ಕೇಬಲಿನ ಗ್ರೀಸ್ ಮೇಲೆ ಹತ್ತಿ ಬಟ್ಟಲಿಗೂ ಆಯಸ್ಕಾಂತಕ್ಕೂ ನಡುವೆ ಸೇರಿರುತ್ತದೆ.

ಮುಳ್ಳು ಒಂದ ಕಡೆ ನಿಲ್ಲೂದಿಲ್ಲ, ಡೋಲಾಡತೈತಿ.

ಇದು ಕೇಬಲಿನ ಕಾಯಿಲೆ. ಒಳ ತಂತಿಯನ್ನು ಪೂರ್ತಿ ಹೊರಗೆಳೆದು ಅರಿವೆಯಿಂದ ಒರೆಸಿ. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ನಡುಭಾಗ ತೊಟ್ಟಿಲ ಹಗ್ಗದಂತೆ ಕೆಳಗೆ ಇಳಿಬಿಡಿ. ಒಂದು ತುದಿಯನ್ನು ಬೆರಳಿನ ನಡುವೆ ನಿಧಾನವಾಗಿ ಹೊರಳಿಸಿ. ಒಳ್ಳೆಯ ತಂತಿ ಸದ್ದಿಲ್ಲದೆ, ಆಕಾರ ಕೆಡದೆ ಹೊರಳುತ್ತದೆ. ಮಡಚಿ ಹಾಳಾದದ್ದು ಒಂದು ಜಾಗಕ್ಕೆ ಬಂದಾಗ ಪಟ್ಟನೆ ಜಿಗಿಯುತ್ತದೆ. ಜಿಗಿದರೆ ಬಿಸಾಡಿ. ಮಡಚನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದರೂ ಅದು ಮತ್ತೆ ಜಿಗಿಯುತ್ತದೆ.

ತಂತಿ ಸರಿ ಇದ್ದರೆ ಕೇಬಲಿನ ದಾರಿ ನೋಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಎಲ್ಲಿಯೂ ಚೂಪಾದ ತಿರುವು ಬರಬಾರದು. ಹೊರಳುವ ಜಾಗದಲ್ಲಿ ಬಾಗು ಕನಿಷ್ಠ 15 ಸೆಂ.ಮೀ. ತ್ರಿಜ್ಯದಷ್ಟು ದೊಡ್ಡದಿರಲಿ, ಅಂದರೆ ಒಂದು ಊಟದ ತಾಟಿನ ಅಂಚಿಗಿಂತ ಬಿಗಿಯಾಗಿ ಬಾಗಬಾರದು. ಮೀಟರಿನ ತಳಕ್ಕೆ ಸೇರುವಲ್ಲಿ ಕೊನೆಯ 5 ಸೆಂ.ಮೀ. ನೆಟ್ಟಗೆ ಹೋಗಬೇಕು.

ಓಡುವಾಗ ಮೀಟರಿನಿಂದ ಚಿಲಿಪಿಲಿ ಸಪ್ಪಳ ಬರತೈತಿ. ಇರಲಿ ಬಿಡ್ರಿ ಅನಬಹುದಾ?

ಬಿಡಬೇಡಿ. ಕೇಬಲ್ ಅಥವಾ ಮೀಟರಿನ ಶಾಫ್ಟ್ ಒಣಗಿದೆ. ಮೀಟರಿನಿಂದ ಕೇಬಲ್ ಬಿಡಿಸಿ ಗಾಡಿ ಓಡಿಸಿ. ಆಗಲೂ ಸಪ್ಪಳ ಬಂದರೆ ಕೇಬಲಿನದು, ನಿಂತರೆ ಮೀಟರಿನದು. ಒಣಗಿದ ಶಾಫ್ಟ್ ಒಂದು ದಿನ ಜಾಮ್ ಆಗುತ್ತದೆ, ಜಾಮ್ ಆದ ದಿನ ಕೇಬಲ್ ತುಂಡಾಗುತ್ತದೆ. ಹೊಸ ಕೇಬಲ್ ಹಾಕಿ ವಾರದೊಳಗೆ ಮತ್ತೆ ತುಂಡಾಯಿತು ಎನ್ನುವವರಲ್ಲಿ ಕಾರಣ ಹೆಚ್ಚಾಗಿ ಇದೇ. ಅವರು ಕೇಬಲ್ ಅಂಗಡಿಯನ್ನು ಬೈಯುವ ಮೊದಲು ಮೀಟರಿನ ತೂತಿಗೆ ತಂತಿಯ ಒಂದು ತುಂಡು ಹಾಕಿ ಬೆರಳಿಂದ ತಿರುಗಿಸಿ ನೋಡಬೇಕು. ಅಡೆತಡೆ ಇಲ್ಲದೆ ತಿರುಗಬೇಕು.

ಅಂಗಡ್ಯಾಗ ಒಂದ ನಮೂನಿ ಕಾಣೂ ಮೀಟರ್ ಹತ್ತಾರು ಅದಾವು. ಯಾವುದು ತಗೊಳ್ಳೂದು?

ಮೊದಲ ಲೆಕ್ಕ ಆಕಾರದ್ದಲ್ಲ, ಸುತ್ತಿನದು. ಒಂದು ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂದು ಪ್ರತಿ ಮೀಟರಿಗೂ ಒಂದು ಅಳತೆ ಇರುತ್ತದೆ. ಜಪಾನಿ ಮಾದರಿಯ ಬಹಳಷ್ಟು ಮೀಟರ್‌ಗಳಲ್ಲಿ ಇದು 1400. ಇಂಗ್ಲಿಷ್ ಮಾದರಿಯ ಹಳೇ ಮೀಟರ್‌ಗಳಲ್ಲಿ ಮೈಲಿಗೆ 1600 ಎಂದು ಇರುತ್ತದೆ, ಅಂದರೆ ಕಿಲೋಮೀಟರಿಗೆ ಸುಮಾರು 1000. ಡಯಲಿನ ಕೆಳ ಅಂಚಿನಲ್ಲೋ ಹಿಂದಿನ ಡಬ್ಬಿಯ ಮೇಲೋ ಈ ಅಂಕಿ ಸಣ್ಣಗೆ ಬರೆದಿರುವುದುಂಟು. 1400ರ ಗಾಡಿಗೆ 1000ದ ಮೀಟರ್ ಹಾಕಿದರೆ ನೀವು 50ರಲ್ಲಿ ಹೋಗುವಾಗ ಮುಳ್ಳು 70 ತೋರಿಸುತ್ತದೆ, ಕಿಲೋಮೀಟರೂ ಅದೇ ಪ್ರಮಾಣದಲ್ಲಿ ಸುಳ್ಳಾಗುತ್ತದೆ. ನಟ್, ಕ್ಲ್ಯಾಂಪ್ ಎಲ್ಲ ಸರಿಯಾಗಿ ಕೂಡುತ್ತವೆ, ಆದ್ದರಿಂದ ಮೋಸ ಹೋಗುವುದು ಸುಲಭ.

ಆಮೇಲೆ ನೋಡಬೇಕಾದದ್ದು: ಕೇಬಲಿನ ನಟ್ಟಿನ ಥ್ರೆಡ್ (ಜಪಾನಿ ಮಾದರಿಯಲ್ಲಿ 12 ಮಿ.ಮೀ.), ಬೋಲ್ಟುಗಳ ನಡುವಿನ ಅಂತರ, ಬಲ್ಬ್ ಹೋಲ್ಡರುಗಳ ಸಂಖ್ಯೆ, ಪೆಟ್ರೋಲ್ ಮುಳ್ಳು ಇದೆಯೋ ಇಲ್ಲವೋ. ಬೇರೆ ಮಾದರಿಯ ಗಾಡಿಯ ಪೆಟ್ರೋಲ್ ಗೇಜ್ ನಿಮ್ಮ ಟ್ಯಾಂಕಿನ ಫ್ಲೋಟಿಗೆ ಹೊಂದದೆ, ಟ್ಯಾಂಕ್ ಖಾಲಿ ಇದ್ದಾಗ ಅರ್ಧ ತೋರಿಸಬಹುದು. ಹಳೇ ಮೀಟರನ್ನು ಬಿಚ್ಚಿಕೊಂಡು ಅಂಗಡಿಗೆ ಒಯ್ಯುವುದೇ ಸರಿ. ಫೋಟೋ ತೋರಿಸಿ ತಂದ ಮೀಟರ್ ಹಿಂದಿರುಗುವ ಸಾಧ್ಯತೆ ಹೆಚ್ಚು.

ಹಳೇ ಮೀಟರಿನ ಮ್ಯಾಲೆ ಏನೂ ಬರದಿಲ್ಲ. ಸುತ್ತು ಹೆಂಗ ಲೆಕ್ಕ ಹಾಕೂದು?

ಮುಂದಿನ ಟಾಯರಿಗೆ ಸುಣ್ಣದ ಗುರುತು ಹಾಕಿ, ಸವಾರ ಕೂತಿರುವಾಗಲೇ ಗಾಡಿಯನ್ನು ನೆಟ್ಟಗೆ ತಳ್ಳಿ. ಗುರುತು ನೆಲ ಮುಟ್ಟಿದ ಎರಡು ಜಾಗದ ನಡುವೆ ಟೇಪ್ ಹಿಡಿಯಿರಿ. 2.75-18 ಟಾಯರಿಗೆ ಇದು ಸುಮಾರು 1.87 ಮೀಟರ್ ಬರುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಗಾಲಿ 1000 ÷ 1.87, ಸುಮಾರು 535 ಸುತ್ತು.

ಈಗ ಗಾಲಿ ಎತ್ತಿ, ಕೇಬಲ್ ತುದಿಗೆ ಕಾಗದದ ಪುಟ್ಟ ಬಾವುಟ ಅಂಟಿಸಿ. ಗಾಲಿಯನ್ನು ನಿಖರವಾಗಿ 10 ಸುತ್ತು ತಿರುಗಿಸಿ, ಬಾವುಟ ಎಷ್ಟು ಸುತ್ತಿತು ಎಣಿಸಿ. 26 ಬಂದರೆ ಗಾಲಿಯ ಒಂದು ಸುತ್ತಿಗೆ ಕೇಬಲ್ 2.6 ಸುತ್ತು. 2.6 × 535 = 1391. ಇದು 1400ರ ಗಾಡಿ. ಒಂದೇ ಸುತ್ತು ತಿರುಗಿಸಿ ಲೆಕ್ಕ ಹಾಕಿದರೆ ತಪ್ಪು ದೊಡ್ಡದಾಗುತ್ತದೆ, 10 ಸುತ್ತಿಗೆ ಕಡಿಮೆ ಮಾಡಬೇಡಿ.

ಮೀಟರನ್ನೂ ಮೇಜಿನ ಮೇಲೆ ಪರೀಕ್ಷೆ ಮಾಡಬಹುದು. ಗಂಟೆಗೆ 60 ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಆದ್ದರಿಂದ 1400ರ ಮೀಟರಿಗೆ ನಿಮಿಷಕ್ಕೆ 1400 ಸುತ್ತು ಕೊಟ್ಟರೆ ಮುಳ್ಳು 60ರ ಮೇಲೆ, 700 ಕೊಟ್ಟರೆ 30ರ ಮೇಲೆ ನಿಲ್ಲಬೇಕು. ಹಳೇ ತಂತಿಯ ಗಟ್ಟಿ ತುಂಡನ್ನು ಡ್ರಿಲ್ಲಿಗೆ ಕಚ್ಚಿಸಿ ನಿಧಾನವಾಗಿ ತಿರುಗಿಸಿ. ಕೇಬಲ್ ಯಾವ ದಿಕ್ಕಿಗೆ ತಿರುಗುತ್ತದೆ ಎಂದು ಮೊದಲೇ ಗಾಲಿ ತಿರುಗಿಸಿ ನೋಡಿಕೊಂಡಿರಬೇಕು.

ಮೀಟರ್ ಬಿಚ್ಚಿ ಕೂಡಿಸೂದು ನಾವ ಮಾಡಬಹುದಾ? ಏನೇನ್ ಬೇಕು?

ಮಾಡಬಹುದು. 10 ನಂಬರ್ ಪಾನಾ ಅಥವಾ ಬಾಕ್ಸ್ ಪಾನಾ, ಪ್ಲಸ್ ಸ್ಕ್ರೂಡ್ರೈವರ್, ಪಕ್ಕಡ್, ಗ್ರೀಸ್, ಒಂದು ಹಳೇ ಅರಿವೆ, ವಾಯರಿಗೆ ಅಂಟಿಸಲು ಕಾಗದದ ಟೇಪ್. ಒಂದೂವರೆ ತಾಸು ಇಟ್ಟುಕೊಳ್ಳಿ.

ಚಾವಿ ತೆಗೆದು, ಬ್ಯಾಟರಿಯ ಮೈನಸ್ ವಾಯರ್ ಬಿಡಿಸಿ. ಹೆಡ್‌ಲೈಟ್ ಡೂಮ್ (ಹೆಡ್‌ಲೈಟಿನ ಸುತ್ತಲ ಮುಚ್ಚಿಗೆ) ಇದ್ದರೆ ಅದರ ಬೋಲ್ಟ್ ತೆಗೆದು ಮುಂದಕ್ಕೆ ಬಾಗಿಸಿ, ಬಲ್ಬಿನ ವಾಯರ್ ಮೇಲೆ ಅದು ಜೋತುಬೀಳದಂತೆ ಅರಿವೆಯಿಂದ ಕಟ್ಟಿ. ಕೇಬಲ್ ನಟ್ ಬಿಡಿಸಿ. ಮೀಟರಿನ ತಳದ ಬಲ್ಬ್ ಹೋಲ್ಡರುಗಳು ರಬ್ಬರಿನವು, ಅವುಗಳ ಕುತ್ತಿಗೆ ಹಿಡಿದು ಎಳೆಯಿರಿ, ವಾಯರ್ ಹಿಡಿದು ಎಳೆದರೆ ಒಳಗೆ ಕಿತ್ತು ಬರುತ್ತದೆ. ಪ್ರತಿ ಹೋಲ್ಡರಿಗೂ ಟೇಪ್ ಅಂಟಿಸಿ ನ್ಯೂಟ್ರಲ್, ಹೈ ಬೀಮ್, ಇಂಡಿಕೇಟರ್ ಎಂದು ಬರೆಯಿರಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಡೆಗೆ ಮೀಟರ್ ಹಿಡಿದಿರುವ ಎರಡು ನಟ್.

ಈ ನಟ್ಟುಗಳ ಕೆಳಗೆ ರಬ್ಬರ್ ವಾಶರ್ ಇರುತ್ತವೆ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ರಬ್ಬರ್ ಇಲ್ಲದೆ ನೇರ ಬಿಗಿದ ಮೀಟರಿಗೆ ಇಂಜಿನ್ನಿನ ನಡುಕವೆಲ್ಲ ಹತ್ತಿ, ಕೆಲವೇ ತಿಂಗಳಲ್ಲಿ ಮುಳ್ಳಿನ ಕಡ್ಡಿ ಸಡಿಲಾಗುತ್ತದೆ, ಬಲ್ಬಿನ ತಂತಿ ಕಡಿಯುತ್ತದೆ. ಇದೇ ಕಾರಣಕ್ಕೆ ನಟ್ಟನ್ನು ವಿಪರೀತ ಬಿಗಿಯಬಾರದು, ರಬ್ಬರ್ ಸ್ವಲ್ಪ ಒತ್ತಿದರೆ ಸಾಕು.

ಕೇಬಲ್ ಕೂಡಿಸುವಾಗ ಮೊದಲು ಕೆಳ ತುದಿ. ಕೆಲವು ಗಾಡಿಗಳಲ್ಲಿ ಅದಕ್ಕೆ ಒಂದು ಸ್ಕ್ರೂ, ಕೆಲವಲ್ಲಿ ತಿರುಗಿಸುವ ನಟ್, ಕೆಲವಲ್ಲಿ ಒಳಗೆ ತಂತಿಯ ಲಾಕ್. ಕೆಳಗೆ ಪೂರ್ತಿ ಕೂತ ಮೇಲೆ ಮೇಲಿನ ತುದಿಯಲ್ಲಿ ಒಳ ತಂತಿ ಹೊರ ಕವಚದಿಂದ ಸುಮಾರು 10 ಮಿ.ಮೀ. ಹೊರಗೆ ಬಂದಿರಬೇಕು. ತೀರ ಕಡಿಮೆ ಇದ್ದರೆ ಮೀಟರಿನೊಳಗೆ ಹಿಡಿತ ಸಿಗುವುದಿಲ್ಲ. ಹೆಚ್ಚಿದ್ದರೆ ನಟ್ ಬಿಗಿದಂತೆ ತಂತಿ ಶಾಫ್ಟನ್ನು ಮೇಲಕ್ಕೆ ನೂಕಿ, ಮೀಟರ್ ಒಳಗಿನಿಂದ ಹಾಳಾಗುತ್ತದೆ. ಹೆಚ್ಚಾಗಿ ಇದು ಬೇರೆ ಗಾಡಿಯ ಕೇಬಲ್ ಎಂಬುದರ ಗುರುತು. ಮೇಲಿನ ನಟ್ಟನ್ನು ಕೈಯಿಂದಲೇ ಬಿಗಿಯಿರಿ. ಅರ್ಧ ದಾರಿಯಲ್ಲಿ ಬಿಗಿ ಆಯಿತೆಂದು ಪಕ್ಕಡ್ ಹಿಡಿಯಬೇಡಿ. ತಂತಿಯ ಚೌಕ ತೂತಿಗೆ ಸರಿಯಾಗಿ ಕೂತಿಲ್ಲ, ಗಾಲಿಯನ್ನು ಸ್ವಲ್ಪ ಅಲ್ಲಾಡಿಸಿದರೆ ತಾನಾಗಿ ಕೂಡುತ್ತದೆ.

ಗಾಲ್ಯಾಗಿನ ಗೇರ್ ಬದಲಿ ಮಾಡಬೇಕಂದ್ರ?

ಇಲ್ಲಿ ಜೀವಕ್ಕೆ ಸಂಬಂಧಿಸಿದ ವಿಷಯ ಇದೆ, ನಿಧಾನವಾಗಿ ಓದಿ.

ಎಕ್ಸಲ್ ಬಿಚ್ಚಿ ಗಾಲಿ ಇಳಿಸಿದರೆ ಬ್ರೇಕ್ ಪ್ಲೇಟ್ ಕೈಗೆ ಬರುತ್ತದೆ. ಅದರ ನಡುವೆ ಸೀಲ್, ಅದರಡಿ ಎರಡು ಕಿವಿಯ ತಗಡು, ಗೇರ್, ವಾಶರ್, ಪಕ್ಕದಿಂದ ಹೊಕ್ಕಿರುವ ವರ್ಮ್ (ಸ್ಕ್ರೂವಿನಂಥ ಸುರುಳಿ ಹಲ್ಲಿನ ಸಣ್ಣ ಗೇರ್). ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಎರೆಮಣ್ಣಿನಲ್ಲಿ ಮಳೆಗಾಲ ಕಳೆದ ಗಾಡಿಯಲ್ಲಿ ಈ ಜಾಗ ನೋಡಿದರೆ ಗ್ರೀಸ್ ಇರುವುದಿಲ್ಲ. ಮಣ್ಣು, ನೀರು, ಹಳೇ ಗ್ರೀಸ್ ಕಲೆತು ಕಪ್ಪು ಅಂಟು ಆಗಿ, ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಬೆರಳ ಉಗುರು ಊರುವುದಿಲ್ಲ. ಪ್ಲಾಸ್ಟಿಕ್ ಗೇರಿನ ಹಲ್ಲನ್ನು ಅದೇ ತಿನ್ನುತ್ತದೆ. ಡೀಸೆಲ್ ಅಥವಾ ಚಿಮಣಿ ಎಣ್ಣೆಯಿಂದ ತೊಳೆದು, ಒಣಗಿಸಿ, ಗೇರ್ ಮತ್ತು ವರ್ಮ್ ಎರಡನ್ನೂ ಒಟ್ಟಿಗೆ ಬದಲಿಸಿ. ಸವೆದ ವರ್ಮ್ ಹೊಸ ಗೇರನ್ನು ಬೇಗ ತಿನ್ನುತ್ತದೆ. ವಾಶರ್‌ಗಳ ಕ್ರಮ ತಪ್ಪಬಾರದು, ತೆಗೆಯುವಾಗ ಕಾಗದದ ಮೇಲೆ ಸಾಲಾಗಿ ಇಡಿ. ಗ್ರೀಸ್ ಒಂದು ಅಡಿಕೆ ಗಾತ್ರದಷ್ಟು ಸಾಕು. ಹೆಚ್ಚಾದದ್ದು ಬಿಸಿಗೆ ಕರಗಿ ಬ್ರೇಕ್ ಲೈನರಿಗೆ ಹತ್ತುತ್ತದೆ, ಆಗ ಮುಂದಿನ ಬ್ರೇಕ್ ಹಿಡಿಯುವುದಿಲ್ಲ. ಹಳೇ ಸೀಲ್ ಹರಿದಿದ್ದರೆ ಅದನ್ನೂ ಬದಲಿಸಿ.

ತಿರುಗಿ ಕೂಡಿಸುವಾಗ ಎರಡು ಹೊಂದಾಣಿಕೆ ತಪ್ಪದೆ ನೋಡಬೇಕು. ಒಂದು, ತಗಡಿನ ಕಿವಿಗಳು ಗಾಲಿಯ ಹಬ್‌ನ ಎರಡು ಕಚ್ಚುಗಳಲ್ಲಿ ಕೂಡಬೇಕು. ಕೂಡದೆ ಎಕ್ಸಲ್ ಬಿಗಿದರೆ ಕಿವಿ ಮಡಚಿ, ಹೊಸ ಗೇರ್ ಹಾಕಿದ ದಿನವೇ ಮೀಟರ್ ನಿಲ್ಲುತ್ತದೆ. ಇನ್ನೊಂದು, ಬ್ರೇಕ್ ಪ್ಲೇಟಿನ ಕಚ್ಚು ಫೋರ್ಕಿನ ಮೇಲಿನ ಉಬ್ಬಿಗೆ ಸರಿಯಾಗಿ ಕೂತಿರಬೇಕು. ಅದು ಕೂಡದಿದ್ದರೆ ಬ್ರೇಕ್ ಒತ್ತಿದಾಗ ಪ್ಲೇಟೇ ಗಾಲಿಯ ಜೊತೆ ತಿರುಗಿ, ಗಾಲಿ ಜಾಮ್ ಆಗಿ ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಎಕ್ಸಲ್ ಬಿಗಿದ ಮೇಲೆ ಗಾಲಿ ತಿರುಗಿಸಿ, ಬ್ರೇಕ್ ಹಿಡಿದು, ಪ್ಲೇಟ್ ಅಲುಗುವುದಿಲ್ಲ ಎಂದು ಕಣ್ಣಾರೆ ನೋಡಿ. ಆಮೇಲೆ ಬ್ರೇಕ್ ಕೇಬಲ್ ಸೆಟ್ ಮಾಡಿ, ಮನೆಯ ಮುಂದೆ ನಿಧಾನವಾಗಿ ಓಡಿಸಿ ಪರೀಕ್ಷಿಸಿ. ಈ ಭಾಗದಲ್ಲಿ ಅನುಮಾನ ಇದ್ದವರು ಗ್ಯಾರೇಜಿಗೆ ಕೊಡುವುದೇ ಸರಿ.

ಕೇಬಲ್ಲಿಗೆ ಯಾವ ಎಣ್ಣಿ, ಎಷ್ಟು?

ಇಂಜಿನ್ ಆಯಿಲ್ ಬೇಡ, ಅದು ಕೆಳಗಿಳಿದು ಬ್ರೇಕಿನೊಳಗೆ ಸೇರುತ್ತದೆ. ತೆಳು ಗ್ರೀಸನ್ನು ಎರಡು ಬೆರಳಲ್ಲಿ ಹಿಡಿದು ಒಳ ತಂತಿಯನ್ನು ಅದರ ನಡುವೆ ಒಮ್ಮೆ ಎಳೆಯಿರಿ, ತೆಳ್ಳಗೆ ಹತ್ತಿದರೆ ಸಾಕು. ಮೇಲಿನ 15 ಸೆಂ.ಮೀ. ಒಣಗಿರಲಿ. ತಂತಿಯ ಸುರುಳಿ ತಿರುಗುತ್ತ ಗ್ರೀಸನ್ನು ಮೇಲಕ್ಕೆ ಹತ್ತಿಸುತ್ತದೆ, ಮೇಲಿನವರೆಗೂ ಬಳಿದರೆ ಅದು ಮೀಟರಿನ ಬಟ್ಟಲು ಸೇರುತ್ತದೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು ಇದನ್ನು ಮಾಡಿದರೆ ಕೇಬಲ್ ಬಹಳ ಕಾಲ ಬಾಳುತ್ತದೆ.

ಬೇರೆ ಕಂಪನಿ ಮೀಟರ್ ಹಾಕೀನಿ. ಚಾವಿ ತಿರುವಿದ ಕೂಡ್ಲೆ ಫ್ಯೂಜ್ ಹಾರತೈತಿ.

ಬಣ್ಣ ನೋಡಿ ವಾಯರ್ ಕೂಡಿಸಿದ್ದೀರಿ. ಹೋಂಡಾ ಪದ್ಧತಿಯಲ್ಲಿ ಹಸಿರು ವಾಯರ್ ಅರ್ತ್, ಕಪ್ಪು ವಾಯರಿನಲ್ಲಿ ಚಾವಿ ತಿರುಗಿಸಿದಾಗ ಕರೆಂಟ್ ಬರುತ್ತದೆ. ಯಮಹಾ ಪದ್ಧತಿಯಲ್ಲಿ ಕಪ್ಪು ವಾಯರೇ ಅರ್ತ್, ಕರೆಂಟ್ ಬರುವುದು ಕಂದು ವಾಯರಿನಲ್ಲಿ. ಕಪ್ಪಿಗೆ ಕಪ್ಪು ಕೂಡಿಸಿದರೆ ನೇರ ಶಾರ್ಟ್. ಹೋಂಡಾದಲ್ಲಿ ನೀಲಿ ಹೈ ಬೀಮ್, ಕಿತ್ತಳೆ ಎಡ ಇಂಡಿಕೇಟರ್, ತಿಳಿ ನೀಲಿ ಬಲ ಇಂಡಿಕೇಟರ್, ಕೆಂಪು ಗೆರೆಯ ತಿಳಿ ಹಸಿರು ನ್ಯೂಟ್ರಲ್. 25 ವರ್ಷದ ಗಾಡಿಯಲ್ಲಿ ಯಾರೋ ನಡುವೆ ಬೇರೆ ಬಣ್ಣದ ವಾಯರ್ ಜೋಡಿಸಿರಬಹುದು, ಆದ್ದರಿಂದ ಮಲ್ಟಿಮೀಟರ್ ಅಥವಾ ಟೆಸ್ಟ್ ಲ್ಯಾಂಪ್ ಹಿಡಿದು ಖಾತ್ರಿ ಮಾಡಿಕೊಂಡೇ ಕೂಡಿಸಿ.

ಬಲ್ಬಿನ ವಿಷಯವೂ ಇಲ್ಲಿಯೇ. ಹಳೇ ಗಾಡಿಗಳಲ್ಲಿ 6 ವೋಲ್ಟಿನವು ಇವೆ, ಬ್ಯಾಟರಿ ಮೇಲೆ ಓದಿ. 6 ವೋಲ್ಟಿನ ಬಲ್ಬ್ 12ಕ್ಕೆ ಹಾಕಿದರೆ ಕೂಡಲೇ ಸುಡುತ್ತದೆ, 12ರದ್ದನ್ನು 6ಕ್ಕೆ ಹಾಕಿದರೆ ಮಿಣುಕುತ್ತದೆ. ಎಲ್‌ಇಡಿ ಬಲ್ಬ್ ಹತ್ತದಿದ್ದರೆ ತಿರುಗಿಸಿ ಹಾಕಿ ನೋಡಿ. ಇಂಜಿನ್ ಏರಿಳಿದಂತೆ ಅದು ಮಿಟುಕುತ್ತಿದ್ದರೆ ನಿಮ್ಮ ಮೀಟರ್ ದೀಪ ಬ್ಯಾಟರಿಯಿಂದಲ್ಲ, ನೇರ ಮ್ಯಾಗ್ನೆಟ್ ಕಾಯಿಲಿನಿಂದ ಉರಿಯುತ್ತಿದೆ. ಅಲ್ಲಿ ಮಾಮೂಲಿ ಬಲ್ಬೇ ಒಳ್ಳೆಯದು.

ಹೊಸ ಮೀಟರ್ ಸರಿ ತೋರಸತೈತೋ ಇಲ್ಲೋ, ಹೆಂಗ ನೋಡೂದು?

ರಾಷ್ಟ್ರೀಯ ಹೆದ್ದಾರಿಯ ಹಳದಿ ತಲೆಯ ಕಿಲೋಮೀಟರ್ ಕಲ್ಲು ಹಿಡಿಯಿರಿ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಕ್ಕೆ ಹೋಗುವ ದಾರಿ ಬಯಲುಸೀಮೆಯ ನೆಟ್ಟನೆಯ ದಾರಿ, ಇದಕ್ಕೆ ಹೇಳಿಮಾಡಿಸಿದ ಹಾಗಿದೆ. ಹಿಂದೆ ಕೂತವರು ಸಮಯ ನೋಡಲಿ, ಸವಾರ ಮೊಬೈಲ್ ಮುಟ್ಟಬಾರದು. ಮುಳ್ಳನ್ನು 60ರ ಮೇಲೆ ಸಮನಾಗಿ ಹಿಡಿದಾಗ ಒಂದು ಕಲ್ಲಿನಿಂದ ಇನ್ನೊಂದಕ್ಕೆ 60 ಸೆಕೆಂಡ್ ಹಿಡಿಯಬೇಕು. 63 ಹಿಡಿದರೆ ನಿಜವಾದ ವೇಗ 57, 66 ಹಿಡಿದರೆ 54.5. ಮೀಟರ್ ಇಷ್ಟು ಹೆಚ್ಚು ತೋರಿಸುವುದು ಸಾಮಾನ್ಯ, ಕಂಪನಿಗಳೇ ಹಾಗೆ ಇಟ್ಟಿರುತ್ತವೆ. ಆದರೆ 60 ಸೆಕೆಂಡಿಗಿಂತ ಮೊದಲೇ ಕಲ್ಲು ಬಂದರೆ ಮೀಟರ್ ಕಡಿಮೆ ತೋರಿಸುತ್ತಿದೆ. ಅದನ್ನು ಹಾಗೇ ಬಿಡಬಾರದು.

ಕಿಲೋಮೀಟರ್ ಅಂಕಿಗೆ 10 ಕಲ್ಲು ದಾಟಿ ನೋಡಿ. ಕೊನೆಯ ಅಂಕಿ ಬೇರೆ ಬಣ್ಣದ್ದಿದ್ದರೆ ಅದು 100 ಮೀಟರಿನ ಲೆಕ್ಕ.

ಟಾಯರ್ ಬದಲಿಸಿದ್ದೀರಾ? 2.75-18 ಜಾಗಕ್ಕೆ 3.00-18 ಹಾಕಿದರೆ ಸುತ್ತಳತೆ ಸುಮಾರು 2 ಪ್ರತಿಶತ ಹೆಚ್ಚಿ ಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. 17 ಇಂಚಿನ ರಿಮ್ ಹಾಕಿದರೆ 4 ಪ್ರತಿಶತ ಹೆಚ್ಚು ತೋರಿಸುತ್ತದೆ. ಮೈಲೇಜ್ ಲೆಕ್ಕವೂ ಅಷ್ಟೇ ಓರೆಯಾಗುತ್ತದೆ. ಹಿಂದಿನ ಟಾಯರಿಗೂ ಮುಂದಿನ ಗಾಲಿಯಿಂದ ಓಡುವ ಮೀಟರಿಗೂ ಸಂಬಂಧವಿಲ್ಲ.

ಹೊಸ ಮೀಟರಿನ್ಯಾಗ ಎಲ್ಲಾ ಸೊನ್ನಿ ಐತಿ. ಹಳೇ ಲೆಕ್ಕ ಏನ್ ಮಾಡೂದು?

ಹಳೇ ಮೀಟರಿನ ಅಂಕಿ ಕಾಣುವಂತೆ ಫೋಟೋ ತೆಗೆದು, ತಾರೀಖು ಹಾಕಿ, ಹೊಸ ಮೀಟರಿನ ಬಿಲ್ಲಿನ ಜೊತೆ ಇಡಿ. ಆಯಿಲ್ ಲೆಕ್ಕ ತಪ್ಪದಂತೆ ಕಳೆಯಿರಿ: ಕೊನೆಯ ಆಯಿಲ್ 57,100ಕ್ಕೆ, 2,000 ಕಿ.ಮೀ.ಗೊಮ್ಮೆ ಬದಲಿಸುವವರಿಗೆ ಮುಂದಿನದು 59,100ಕ್ಕೆ. ಮೀಟರ್ ಬದಲಿಸಿದ್ದು 58,420ಕ್ಕೆ ಆದರೆ, ಹೊಸ ಮೀಟರಿನಲ್ಲಿ 680 ಆದಾಗ ಆಯಿಲ್ ಬದಲಿಸಿ.

ಗಾಡಿ ಮಾರುವಾಗ ಮೀಟರ್ ಬದಲಿಸಿದ್ದನ್ನು ಬಾಯಿಬಿಟ್ಟು ಹೇಳಿ, ಫೋಟೋ ತೋರಿಸಿ. ಸೊನ್ನೆಯಿಂದ ಓಡಿದ ಅಂಕಿಯನ್ನೇ ಗಾಡಿಯ ಓಟವೆಂದು ನಂಬಿಸುವುದು ಕೊಳ್ಳುವವನಿಗೆ ಮಾಡುವ ವಂಚನೆ. ಅವನು ಚೈನು, ಪಿಸ್ಟನ್, ಬೇರಿಂಗ್ ಎಲ್ಲದರ ಲೆಕ್ಕ ಹಾಕುವುದು ಅದೇ ಅಂಕಿಯಿಂದ.

ಆರ್‌ಟಿಓಗೆ ತಿಳಿಸಬೇಕಾ?

ಆರ್‌ಸಿಯಲ್ಲಿ ಇರುವುದು ಚಾಸಿ ನಂಬರ್, ಇಂಜಿನ್ ನಂಬರ್ ಮುಂತಾದವು, ಮೀಟರಿನ ಓಟ ಅಲ್ಲ. ಅದೇ ನಮೂನೆಯ ಮೀಟರ್ ಹಾಕಿದರೆ ಆರ್‌ಸಿ ತಿದ್ದಿಸುವ ಕೆಲಸವಿಲ್ಲ. ಆದರೆ ಕೆಲಸ ಮಾಡುವ ಮೀಟರ್ ಇರಲೇಬೇಕು: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಸವಾರನಿಗೆ ವೇಗ ಕಾಣುವಂತೆ ಸ್ಪೀಡೋಮೀಟರ್ ಇರಬೇಕೆನ್ನುತ್ತದೆ. ನೋಂದಣಿಗೆ 15 ವರ್ಷ ತುಂಬಿದ ಗಾಡಿಯನ್ನು ನವೀಕರಣಕ್ಕೆ ತಪಾಸಣೆಗೆ ಒಯ್ಯಬೇಕಾಗುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ. ಕೆಎ 25, 63, 26, 27 ಯಾವುದೇ ಇರಲಿ, ನವೀಕರಣದ ಅರ್ಜಿಯಾದ ಫಾರ್ಮ್ 25 ತುಂಬುವ ಮೊದಲೇ ಮೀಟರ್ ಸರಿ ಮಾಡಿಸಿಕೊಳ್ಳಿ.

ಮಳಿಗಾಲದಾಗ ಗ್ಲಾಸಿನ ಒಳಗ ಮಂಜು ಕೂಡತೈತಿ.

ಗ್ಲಾಸಿನ ಸುತ್ತಲ ರಬ್ಬರ್ ಹೋಗಿದೆ, ಅಥವಾ ಸರ್ವಿಸಿಂಗಿನಲ್ಲಿ ಜೋರು ನೀರನ್ನು ನೇರ ಮೀಟರಿಗೆ ಬಿಟ್ಟಿದ್ದಾರೆ. ಬಲ್ಬ್ ಹೋಲ್ಡರುಗಳನ್ನು ತೆಗೆದು ಒಂದು ದಿನ ಬಿಸಿಲಿಗೆ ಇಡಿ, ಪೂರ್ತಿ ಒಣಗಿದ ಮೇಲೆ ಗ್ಲಾಸಿನ ಅಂಚಿಗೆ ಸಿಲಿಕೋನ್ ತೆಳ್ಳಗೆ ಹಚ್ಚಿ. ತಳದಲ್ಲಿ ಗಾಳಿಗಿರುವ ಸಣ್ಣ ತೂತನ್ನು ಮುಚ್ಚಬೇಡಿ, ಒಳಗಿನ ಹಬೆ ಹೋಗುವುದು ಅಲ್ಲಿಂದಲೇ.

ಮೀಟರ್ ಬಿಚ್ಚಿ ನಾವ ರಿಪೇರಿ ಮಾಡಬಹುದಾ?

ಸ್ಕ್ರೂ ಇರುವ ಮೀಟರ್ ಆದರೆ ತೆರೆದು ಗ್ಲಾಸ್, ಡಯಲ್ ಒರೆಸಬಹುದು. ಅಂಚು ಮಡಚಿ ಮುಚ್ಚಿದ ಹಳೇ ಮೀಟರನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಆ ರಿಂಗ್ ಮತ್ತೆ ಸರಿಯಾಗಿ ಕೂಡುವುದಿಲ್ಲ. ಮುಳ್ಳು ಕೀಳಬೇಡಿ, ಸ್ಪ್ರಿಂಗಿಗೆ ಬೆರಳು ಹಚ್ಚಬೇಡಿ: ಅದು ಒಂದಿಷ್ಟು ಬಾಗಿದರೂ ಇಡೀ ಮೀಟರಿನ ಅಳತೆ ಹೋಗುತ್ತದೆ. ಮೀಟರ್ ರಿಪೇರಿಯನ್ನೇ ಕಸುಬಾಗಿ ಮಾಡುವವರಿಗೆ ಕೊಡಿ. ಹಳೇ ಯೆಜ್ಡಿಯಂಥ ಗಾಡಿಗಳಿಗೆ ಇದೇ ಒಳ್ಳೆಯ ದಾರಿ. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತಿದೆ, ಈಗ ಹೊಸದೆಂದು ಸಿಗುವ ಮೀಟರ್‌ಗಳು ಬೇರೆಯವರು ಮಾಡಿದ ಪ್ರತಿಗಳು. ಅಸಲಿ ಮೀಟರ್ ನಿಂತಿದ್ದರೂ ಎಸೆಯಬೇಡಿ.

ಗುಜರಿಯಿಂದ ತಂದ ಮೀಟರ್ ನಡಿತೈತಾ?

ನಡೆಯುತ್ತದೆ, ನೋಡಿ ತಂದರೆ. ತಂತಿಯ ತುಂಡು ಜೇಬಿನಲ್ಲಿಟ್ಟುಕೊಂಡು ಹೋಗಿ. ತೂತಿಗೆ ಹಾಕಿ ಬೆರಳಿಂದ ಚುರುಕಾಗಿ ತಿರುಗಿಸಿದರೆ ಮುಳ್ಳು ಸ್ವಲ್ಪ ಎದ್ದು, ಬಿಟ್ಟ ಕೂಡಲೇ ಸೊನ್ನೆಗೆ ಮರಳಬೇಕು. ಶಾಫ್ಟ್ ಅಕ್ಕಪಕ್ಕ ಅಲ್ಲಾಡಿದರೆ ಬುಶ್ ಹೋಗಿದೆ, ಬೇಡ. ಅಪಘಾತದ ಗಾಡಿಯ ಮೀಟರಿನ ಹಿಂದಿನ ಬೋಲ್ಟುಗಳು ಸೊಟ್ಟಗಿರುತ್ತವೆ, ತಿರುಗಿಸಿ ನೋಡಿ.

ಡಿಜಿಟಲ್ ಮೀಟರ್ ಹಾಕಿದ್ರ ಹೆಂಗ?

ಹೊರಗೆ ಸಿಗುವ ಡಿಜಿಟಲ್ ಮೀಟರಿಗೆ ಸ್ಥಿರವಾದ 12 ವೋಲ್ಟ್ ಡಿಸಿ ಬೇಕು. ಹೆಡ್‌ಲೈಟಿನ ವಾಯರಿನಿಂದ ಕರೆಂಟ್ ತೆಗೆಯಬೇಡಿ. ಹಳೇ ಗಾಡಿಗಳಲ್ಲಿ ಅದು ಎಸಿ, ಇಂಜಿನ್ ಏರಿದಂತೆ ಏರುತ್ತದೆ, ಮೀಟರ್ ಸುಟ್ಟುಹೋಗುತ್ತದೆ. ಬ್ಯಾಟರಿ ಗಟ್ಟಿ ಇರಬೇಕು, ಕರೆಂಟ್ ಚಾವಿಯ ನಂತರದ ವಾಯರಿನಿಂದ ಬರಬೇಕು, ನಡುವೆ ಒಂದು ಸಣ್ಣ ಫ್ಯೂಜ್ ಇರಬೇಕು. ಗಾಲಿಯ ಸುತ್ತಳತೆಯನ್ನು ಮೇಲೆ ಹೇಳಿದಂತೆ ಅಳೆದು ಮಿ.ಮೀ.ನಲ್ಲಿ ತುಂಬಿ, 1.87 ಮೀಟರ್ ಎಂದರೆ 1870. ಹೊಲದ ದಾರಿಯಲ್ಲಿ ಓಡುವ ಗಾಡಿಗೆ ನಾವು ಇದನ್ನು ಸೂಚಿಸುವುದಿಲ್ಲ. ಗಾಲಿಯ ಬಳಿಯ ಸೆನ್ಸರಿಗೆ ಎರೆಮಣ್ಣು ಮೆತ್ತಿ ಅದು ಜಾಗ ಬಿಟ್ಟರೆ ಮೀಟರ್ ಸೊನ್ನೆ ತೋರಿಸುತ್ತ ಕೂಡುತ್ತದೆ. ಕೇಬಲ್ ಆದರೆ ಲಕ್ಷ್ಮೇಶ್ವರದಲ್ಲೂ ಸವಣೂರಿನಲ್ಲೂ ಸಿಗುತ್ತದೆ, ಸಂತೆಗೆ ಹೋದಾಗ ತಂದು ಕೂಡಿಸಬಹುದು.

ಕೇಬಲ್ ತುಂಡಾಗೇತಿ, ಊರು ಇನ್ನೂ ದೂರ ಐತಿ. ಹಂಗ ಓಡಿಸಿದ್ರ ಏನಾರ ಆಗತೈತಾ?

ಗಾಡಿಗೆ ಏನೂ ಆಗುವುದಿಲ್ಲ. ಆದರೆ ಹೊರ ಕವಚ ಕೆಳಗಿನಿಂದ ಕಳಚಿ ಜೋತಾಡುತ್ತಿದ್ದರೆ ಅದು ಗಾಲಿಯ ಸ್ಪೋಕ್ ಕಡ್ಡಿಗಳಿಗೆ ಸಿಕ್ಕಿ ಗಾಲಿ ಹಿಡಿಯಬಹುದು. ಅಲ್ಲಿಯೇ ನಿಲ್ಲಿಸಿ ಕವಚವನ್ನು ಫೋರ್ಕಿಗೆ ಗಟ್ಟಿಯಾಗಿ ಕಟ್ಟಿ, ಕೆಳಗಿನ ತೂತಿಗೆ ಅರಿವೆಯ ತುಂಡು ತುರುಕಿ. ಆ ತೂತು ತೆರೆದಿದ್ದರೆ ಮಣ್ಣು, ನೀರು ನೇರ ಗೇರಿನ ಮೇಲೆ ಬೀಳುತ್ತವೆ.